ಲೋನಾವಳದ ಫ್ಲ್ಯಾಟು: ಮಳೆಗಾಲಕ್ಕೆಲ್ಲ ಒಬ್ಬನೇ ಬಾಡಿಗೆದಾರ

ಮುಂಬಯಿಯಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದು, ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಸ್ವಂತ ಮನೆ ಮಾಡಿಕೊಂಡ ತುಳು-ಕನ್ನಡಿಗರಲ್ಲಿ ಲೋನಾವಳ, ಖಂಡಾಲ, ಕರ್ಜತ್ ಕಡೆ ಇನ್ನೊಂದು ಸಣ್ಣ ಫ್ಲ್ಯಾಟು ಕೊಂಡವರು ಇಂದು ಅಪರೂಪವಲ್ಲ. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿಯ ಹಣವೋ, ಹೊಟೇಲು ವ್ಯವಹಾರದಲ್ಲಿ ಉಳಿಸಿದ್ದೋ ಅದಕ್ಕೆ ಹೋಗಿರುತ್ತದೆ. ಕೊಂಡ ಹೊಸತರಲ್ಲಿ ತಿಂಗಳಿಗೆ ಎರಡು ಬಾರಿ ಮನೆಮಂದಿಯೆಲ್ಲ ಹೋಗುತ್ತಾರೆ. ಮರುವರ್ಷ ಅದು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಬೇಕು, ಅಲ್ಲಿ ನೇಮ, ಮದುವೆ, ಗೃಹಪ್ರವೇಶಗಳ ಸಾಲು. ಜೂನ್ ಮಧ್ಯದಲ್ಲಿ ಶಾಲೆಗಳು ಆರಂಭವಾದರೆ ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಲೋನಾವಳ ನಿಜಕ್ಕೂ ನೋಡಲು ಚೆಂದವಿರುವ ನಾಲ್ಕು ತಿಂಗಳು, ಆ ಫ್ಲ್ಯಾಟಿಗೆ ಬೀಗ. ದಸರೆಗೆ ಹೋಗಿ ಬಾಗಿಲು ತೆರೆದರೆ ಗೋಡೆಯ ತುಂಬ ಬೂಷ್ಟು, ಹಾಸಿಗೆಯಲ್ಲಿ ಮುಗ್ಗುಲು ವಾಸನೆ, ಉಬ್ಬಿಕೊಂಡು ಮುಚ್ಚಲಾಗದ ಬಚ್ಚಲಿನ ಬಾಗಿಲು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿ, ಭೋರ್ ಘಾಟಿನ ತುದಿಯಲ್ಲಿರುವ ಊರು ಅದು. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಗೆ ಬಡಿದು ಮೊದಲು ಸುರಿಯುವುದೇ ಇಲ್ಲಿ. ವರ್ಷಕ್ಕೆ ಬೀಳುವ 4,000 ಮಿ.ಮೀ.ಗೂ ಮಿಕ್ಕಿದ ಮಳೆಯಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆ ನಿಂತ ದಿನ ಮಂಜು ಕಿಟಕಿಯೊಳಗೇ ಬಂದು ಕೂರುತ್ತದೆ. ಇಂಥ ಹವೆಯಲ್ಲಿ ಮನೆಗೆ ಬೇಕಾದದ್ದು ಮನುಷ್ಯವಾಸ. ಒಲೆ ಉರಿಯಬೇಕು, ಫ್ಯಾನು ತಿರುಗಬೇಕು, ಬಿಸಿಲು ಇಣುಕಿದ ಗಳಿಗೆಯಲ್ಲಿ ಕಿಟಕಿ ತೆರೆಯುವ ಕೈ ಇರಬೇಕು. ಮಲೆನಾಡು, ಕರಾವಳಿಯ ಮಂದಿಗೆ ಇದನ್ನು ಹೊಸತಾಗಿ ಹೇಳಬೇಕಿಲ್ಲ. ಊರಲ್ಲಿ ಬೀಗ ಹಾಕಿದ ಹಳೇಮನೆಗಳ ಗತಿ ಏನಾಗಿದೆ ಎಂದು ಎಲ್ಲರೂ ನೋಡಿದವರೇ.

ಹಾಗಿದ್ದರೆ ಬಾಡಿಗೆಗೆ ಕೊಟ್ಟರಾಯಿತಲ್ಲ ಎಂಬುದು ಸಹಜ ಯೋಚನೆ. ಕೊಡುವುದು ಹೇಗೆ ಎಂಬಲ್ಲಿಯೇ ಎರಡು ದಾರಿಗಳಿವೆ. ಶನಿವಾರ, ಭಾನುವಾರಕ್ಕೆ ಬರುವ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವುದು ಒಂದು. ಇಡೀ ಮಳೆಗಾಲಕ್ಕೆ ಒಬ್ಬರಿಗೇ, ಒಂದೇ ಕರಾರಿನಲ್ಲಿ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಹಣ ಹೆಚ್ಚು ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಕಾಗದ, ಪೆನ್ನು ಹಿಡಿದು ಕುಳಿತರೆ ಅದು ಅಷ್ಟು ನಿಜವಲ್ಲ.

ಲೆಕ್ಕಕ್ಕಾಗಿ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ರಾತ್ರಿಗೆ 3,500 ರೂ. ಎಂದು ಹಿಡಿಯೋಣ. ನಾಲ್ಕು ತಿಂಗಳಲ್ಲಿ 17 ವಾರಾಂತ್ಯಗಳು, ಅಂದರೆ 34 ರಾತ್ರಿಗಳು. ಎಲ್ಲವೂ ತುಂಬಿದರೆ 1,19,000 ರೂ. ಆದರೆ ಘಾಟಿಯಲ್ಲಿ ದರೆ ಜರಿದ ವಾರ, ಮಕ್ಕಳ ಪರೀಕ್ಷೆಯ ವಾರ, ಗಣೇಶ ಚತುರ್ಥಿಗೆ ಎಲ್ಲರೂ ಮನೆಯಲ್ಲೇ ಉಳಿಯುವ ವಾರ ಎಂದು ಕಳೆದು 23 ರಾತ್ರಿ ತುಂಬಿತೆನ್ನಿ. ಬಂದದ್ದು 80,500 ರೂ. ಇದರಲ್ಲಿ ಗಿರಾಕಿ ತಂದವರ ಕಮಿಷನ್ ಶೇ. 15ರಂತೆ 12,075 ರೂ., ಪ್ರತಿಬಾರಿ ಗುಡಿಸಿ, ಒರೆಸಿ, ಚಾದರ ಒಗೆಸುವ ಖರ್ಚು 800 ರೂ.ನಂತೆ 12 ವಾರಕ್ಕೆ 9,600 ರೂ., ವಿದ್ಯುತ್ತು, ಗ್ಯಾಸಿಗೆ ಒಂದು 5,000 ರೂ. ಕೈಯಲ್ಲಿ ಉಳಿಯುವುದು 54,000 ರೂ.ಗಿಂತಲೂ ಸ್ವಲ್ಪ ಕಡಿಮೆ. ಒಡೆದ ಗ್ಲಾಸು, ಸುಟ್ಟ ಗೀಸರು ಇದರಲ್ಲಿ ಸೇರಿಲ್ಲ. ಅದೇ ಫ್ಲ್ಯಾಟನ್ನು ತಿಂಗಳಿಗೆ 20,000 ರೂ.ನಂತೆ ಒಬ್ಬರಿಗೇ ಕೊಟ್ಟರೆ 80,000 ರೂ. ದಲ್ಲಾಳಿಗೆ ಅರ್ಧ ತಿಂಗಳ ಬಾಡಿಗೆ, ಕರಾರು ನೋಂದಣಿಯ ಖರ್ಚು ಕಳೆದರೂ 68,000 ರೂ. ಉಳಿಯುತ್ತದೆ, ವಿದ್ಯುತ್ ಬಿಲ್ಲು ಅವರದ್ದೇ. ಅಂಕಿಗಳು ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಬದಲಾದಾವು. ಆದರೆ ದಿನದ ಬಾಡಿಗೆಯವರು ಹೇಳುವ ಮೊತ್ತದಲ್ಲಿ ಕಳೆಯುವ ಲೆಕ್ಕ ಯಾವಾಗಲೂ ಮರೆತಿರುತ್ತದೆ.

ಹಣದ ಮಾತು ಬಿಟ್ಟರೂ, ಭುಶಿ ಡ್ಯಾಮ್‌ನಲ್ಲಿ ನೆನೆದು ಬಂದ ಹತ್ತು ಹುಡುಗರು ರಾತ್ರಿ ಎರಡು ಗಂಟೆಯವರೆಗೆ ಹಾಡು ಹಾಕಿ ಕುಣಿದರೆ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡುವುದು ಮುಂಬಯಿಯಲ್ಲಿ ಮಲಗಿರುವ ಮಾಲಕರಿಗೇ. ಅಷ್ಟು ಹೊತ್ತಿಗೆ 128 ಕಿ.ಮೀ. ದೂರದಿಂದ ಮಾಡಬಹುದಾದದ್ದೇನೂ ಇರುವುದಿಲ್ಲ.

ಇಡೀ ಸೀಸನ್ನಿಗೆ ಬರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋನಾವಳದಲ್ಲಿ ಸ್ಥಾಪಿಸಿದ ಕೈವಲ್ಯಧಾಮದಂಥ ಯೋಗ ಸಂಸ್ಥೆಗೆ ದೂರದೂರದಿಂದ ಕಲಿಯಲು ಬರುವವರಿದ್ದಾರೆ. ಮುಂಬಯಿಯಲ್ಲಿ ಮನೆ ದುರಸ್ತಿಗೆ ಹಾಕಿ ಮೂರು ನಾಲ್ಕು ತಿಂಗಳು ಬೇರೆ ಕಡೆ ಇರಬೇಕಾದ ಹಿರಿಯ ದಂಪತಿಗಳು ಇದ್ದಾರೆ. 2020ರ ಲಾಕ್‌ಡೌನಿನ ನಂತರ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರೂ ಈ ಪಟ್ಟಿಗೆ ಸೇರಿದ್ದಾರೆ. ಅವರು ಮೊದಲು ಕೇಳುವುದು ಇಂಟರ್‌ನೆಟ್ ಹೇಗಿದೆ, ಕರೆಂಟು ಹೋದರೆ ಇನ್ವರ್ಟರ್ ಇದೆಯೇ ಎಂದು. ಗುಡ್ಡ ಕಾಣುವ ಬಾಲ್ಕನಿಯ ಬಗ್ಗೆ ಆಮೇಲೆ. ಬಾಡಿಗೆದಾರ ವಿದೇಶೀಯನಾದರೆ ಆತ ಬಂದ 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ಮಾಹಿತಿ ಕೊಡುವುದು ಮನೆ ಕೊಟ್ಟವರ ಹೊಣೆ ಎಂಬುದನ್ನು ಮರೆಯಬಾರದು.

ಕಾಗದ ಮೊದಲು, ಕೀ ಆಮೇಲೆ

ನಮ್ಮವರಲ್ಲಿ ಅನೇಕರು ಎಡವುವುದು ಇಲ್ಲಿಯೇ. "ನಾಲ್ಕೇ ತಿಂಗಳಲ್ಲವೇ, ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು" ಎಂಬ ಮಾತು ಸಾಮಾನ್ಯ. ಹನ್ನೊಂದು ತಿಂಗಳವರೆಗಿನ ಕರಾರಿಗೆ ನೋಂದಣಿ ಬೇಡ ಎಂಬ ಹಳೆಯ ತಿಳಿವಳಿಕೆಯೂ ಇದಕ್ಕೆ ಕಾರಣ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 31 ಮಾರ್ಚ್ 2000ದಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರ 55ನೇ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಎಷ್ಟೇ ಕಡಿಮೆ ಅವಧಿಯದ್ದಾಗಿರಲಿ, ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು. ಮಾಡಿಸುವ ಜವಾಬ್ದಾರಿ ಮಾಲಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ಹೆಚ್ಚು ಹೆದರಬೇಕಾದ ಮಾತು ಇನ್ನೊಂದಿದೆ. ನೋಂದಣಿ ಇಲ್ಲದೆ ತಕರಾರು ಎದ್ದರೆ, ಯಾವ ಷರತ್ತಿನ ಮೇಲೆ ಮನೆ ಕೊಟ್ಟಿದ್ದು ಎಂಬ ಬಗ್ಗೆ ಬಾಡಿಗೆದಾರ ಹೇಳಿದ್ದೇ ಸರಿ ಎಂದು, ಅದು ಸುಳ್ಳೆಂದು ಸಾಬೀತಾಗುವವರೆಗೆ, ಹಿಡಿಯಲಾಗುತ್ತದೆ. ಪಗಡಿ ಮನೆಗಳ ಕತೆ ಕೇಳಿ ಬೆಳೆದ ಮುಂಬಯಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನೋಂದಣಿಯಾದ ಕರಾರಿನ ಬಲವೂ ಅಷ್ಟೇ ದೊಡ್ಡದು. ಅದೇ ಕಾಯಿದೆಯ 24ನೇ ಕಲಮಿನಂತೆ, ವಾಸಕ್ಕೆಂದು ಕೊಟ್ಟ ಮನೆಯ ಅವಧಿ ಮುಗಿದ ಮೇಲೂ ಬಿಡದಿದ್ದರೆ ಮಾಲಕರು ಸಿವಿಲ್ ಕೋರ್ಟಿನ ವರ್ಷಾನುಗಟ್ಟಲೆಯ ದಾರಿ ಹಿಡಿಯಬೇಕಿಲ್ಲ, ಇದಕ್ಕೆಂದೇ ನೇಮಕವಾದ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅವಧಿ ಮೀರಿ ಉಳಿದ ದಿನಗಳಿಗೆ ಕರಾರಿನ ಬಾಡಿಗೆಯ ಎರಡರಷ್ಟು ಪರಿಹಾರ ಕೊಡಲು ಆತ ಬಾಧ್ಯನಾಗುತ್ತಾನೆ.

ಖರ್ಚಿಗೆ ಹೆದರಬೇಕಾದದ್ದೂ ಇಲ್ಲ. ಮುದ್ರಾಂಕ ಶುಲ್ಕ ಇರುವುದು ಒಟ್ಟು ಬಾಡಿಗೆಯ ಮೇಲೆ ಶೇ. 0.25. ಮರಳಿಸುವ ಡಿಪಾಸಿಟ್ ಇದ್ದರೆ ಅದರ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಎಂದು ಲೆಕ್ಕಹಾಕಿ ಸೇರಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ 80,000 ರೂ. ಬಾಡಿಗೆ, 50,000 ರೂ. ಡಿಪಾಸಿಟ್‌ಗೆ ನಾಲ್ಕು ತಿಂಗಳ ಬಡ್ಡಿ ಸುಮಾರು 1,667 ರೂ.; ಒಟ್ಟು ಮೊತ್ತಕ್ಕೆ ಶುಲ್ಕ ಇನ್ನೂರು ಚಿಲ್ಲರೆ. ನಗರ ಪ್ರದೇಶದಲ್ಲಿ ನೋಂದಣಿ ಫೀ 1,000 ರೂ. ಈಗ ಆಧಾರ್ ಮತ್ತು ಹೆಬ್ಬೆರಳಿನ ಗುರುತಿನಿಂದ ಮನೆಯಲ್ಲೇ ಕುಳಿತು ಆನ್‌ಲೈನ್ ನೋಂದಣಿ ಮಾಡಿಸಬಹುದು. ಅದಕ್ಕೆ ಬರುವ ಏಜೆಂಟರ ಮಜೂರಿ ಬೇರೆ. "ಸಾಮಾನು ಬಂದಾಗಿದೆ, ಕೀ ಕೊಡಿ, ನೋಂದಣಿ ಮುಂದಿನ ವಾರ ಮಾಡೋಣ" ಎನ್ನುವವರು ಎಷ್ಟೇ ಸಭ್ಯರಾಗಿ ಕಂಡರೂ ಕೀ ಕೊಡದಿರುವುದೇ ಕ್ಷೇಮ.

ಕರಾರಿನಲ್ಲಿ ಬರೆಸಬೇಕಾದ ಒಂದು ಮಾತನ್ನು ಮಾತ್ರ ವಿಶೇಷವಾಗಿ ಹೇಳಬೇಕು. ನಾಲ್ಕು ತಿಂಗಳಿಗೆಂದು ಕಡಿಮೆ ದರದಲ್ಲಿ ಮನೆ ಹಿಡಿದು, ಅದನ್ನೇ ಶನಿವಾರ, ಭಾನುವಾರ ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಬಿಡುವ ಚತುರರಿದ್ದಾರೆ. ಹಾಗಾದರೆ ಮಾಲಕರಿಗೆ ಉಳಿಯುವುದು ಎರಡೂ ದಾರಿಗಳ ಕಷ್ಟ ಮಾತ್ರ. ಯಾರು ಯಾರು ವಾಸ ಇರುತ್ತಾರೆ ಎಂಬುದನ್ನು ಹೆಸರು ಸಮೇತ ಬರೆಸಿ, ಬೇರೆಯವರಿಗೆ ಹಣಕ್ಕೆ ಕೊಟ್ಟರೆ ಕರಾರು ಅಲ್ಲಿಗೇ ರದ್ದು ಎಂದು ಸೇರಿಸಬೇಕು. ಮುಂಚಿತವಾಗಿ ತಿಳಿಸಿ ತಿಂಗಳಿಗೊಮ್ಮೆ ಮನೆ ನೋಡಲು ಬರುವ ಹಕ್ಕನ್ನೂ ಇಟ್ಟುಕೊಳ್ಳಬೇಕು. ಸೋರಿಕೆ ಶುರುವಾದದ್ದು ಜುಲೈಯಲ್ಲಿ ಗೊತ್ತಾಗುವುದಕ್ಕೂ ಅಕ್ಟೋಬರಿನಲ್ಲಿ ಗೊತ್ತಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಕೊಟ್ಟು, ಅದರ ಪ್ರತಿಯನ್ನೂ ಕರಾರಿನ ಪ್ರತಿಯನ್ನೂ ಸೊಸೈಟಿಗೆ ತಲುಪಿಸಬೇಕು. ಬಾಡಿಗೆಗೆ ಕೊಟ್ಟ ಕಾರಣಕ್ಕೆ ಸೊಸೈಟಿ ವಿಧಿಸುವ ನಾನ್-ಆಕ್ಯುಪೆನ್ಸಿ ಚಾರ್ಜಿಗೆ ಮಿತಿ ಇದೆ. 2001ರ ಆಗಸ್ಟ್ 1ರ ಸರಕಾರೀ ಆದೇಶದ ಪ್ರಕಾರ ಅದು ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ, ಆ ಸೇವಾ ಶುಲ್ಕದಲ್ಲಿ ಪುರಸಭೆಯ ತೆರಿಗೆ ಸೇರುವುದಿಲ್ಲ. ಬಿಲ್ಲಿನ ಒಟ್ಟು ಮೊತ್ತದ ಮೇಲೆ ಶೇ. 10 ಹಾಕುವ ಕಮಿಟಿಗಳಿಗೆ ಇದನ್ನು ನಯವಾಗಿ ತೋರಿಸಿಕೊಡಬಹುದು.

ನೆಂಟರು ಮತ್ತು ತೆರಿಗೆ

ಒಬ್ಬರಿಗೇ ಕೊಟ್ಟ ಮೇಲೆ ಎದುರಾಗುವ ನಿಜವಾದ ಕಷ್ಟ ಬಾಡಿಗೆದಾರನಿಂದ ಅಲ್ಲ, ನಮ್ಮವರಿಂದಲೇ. ಲೋನಾವಳದಲ್ಲಿ ಫ್ಲ್ಯಾಟಿದೆ ಎಂದು ಗೊತ್ತಾದ ದಿನದಿಂದ ಭಾವನ ಮಗ, ಸಂಘದ ಕೋಶಾಧಿಕಾರಿ, ಹಳೆಯ ಸಹೋದ್ಯೋಗಿ ಎಲ್ಲರಿಗೂ ಮಳೆ ನೋಡುವ ಆಸೆ ಬರುತ್ತದೆ. "ಎರಡೇ ದಿನಕ್ಕೆ ಕೀ ಕೊಡಿ ಭಾವ, ನೀವೇನೂ ಬಳಸುತ್ತಿಲ್ಲವಲ್ಲ" ಎಂದು ಆಗಸ್ಟ್ 15ರ ವಾರ ಫೋನ್ ಬಾರದೇ ಇರದು. ಇಲ್ಲವೆನ್ನಲು ದಾಕ್ಷಿಣ್ಯ, ಕೊಟ್ಟರೆ ಬಂದ ಮೇಲೆ ಗೀಸರಿನ ಸ್ವಿಚ್ಚು ಆರಿಸಿದ್ದಾರೋ ಇಲ್ಲವೋ ಎಂಬ ಚಿಂತೆ. ಸೀಸನ್ನಿಗೆ ಬಾಡಿಗೆಗೆ ಹೋಗಿದೆ ಎಂಬ ಒಂದು ಉತ್ತರ ಈ ಮುಜುಗರವನ್ನೆಲ್ಲ ತಪ್ಪಿಸುತ್ತದೆ. ಆದರೆ ಮನೆಯವರೂ ಹೋಗುವಂತಿಲ್ಲ ಎಂಬುದನ್ನು ಮೊದಲೇ ಹೆಂಡತಿ ಮಕ್ಕಳಿಗೆ ಹೇಳಿ ಒಪ್ಪಿಸಿಕೊಂಡಿರಬೇಕು. ಕರಾರು ಮಾಡಿ, ನಡುವೆ "ಈ ಒಂದು ಭಾನುವಾರ ನಾವು ಬರುತ್ತೇವೆ" ಎಂದು ಬಾಡಿಗೆದಾರನ ಬಾಗಿಲು ತಟ್ಟುವುದು ಸಲ್ಲದು. ಆ ಅವಧಿಗೆ ಅದು ಅವರ ಮನೆ.

ತೆರಿಗೆಯಲ್ಲೊಂದು ಗಂಟಿದೆ. 2019-20ರ ಆರ್ಥಿಕ ವರ್ಷದಿಂದ ಎರಡು ಮನೆಗಳನ್ನು ಸ್ವಂತ ವಾಸದವೆಂದು ತೋರಿಸಿ, ಅವುಗಳಿಂದ ಆದಾಯ ಶೂನ್ಯ ಎನ್ನಲು ಅವಕಾಶ ಬಂದಿದೆ. ಲೋನಾವಳದ ಫ್ಲ್ಯಾಟಿಗೂ ಈ ಸೌಲಭ್ಯ ಪಡೆಯುತ್ತಿರುವವರು ನೆನಪಿಡಬೇಕಾದದ್ದು, ವರ್ಷದ ಕೆಲವೇ ತಿಂಗಳು ಬಾಡಿಗೆಗೆ ಕೊಟ್ಟರೂ ಆ ವರ್ಷಕ್ಕೆ ಆ ಮನೆಗೆ ಈ ರಿಯಾಯಿತಿ ಹೋಗುತ್ತದೆ. ಉಳಿದ ಎಂಟು ತಿಂಗಳು ತಾವೇ ಬಳಸಿದ್ದರೂ, ಇಡೀ ವರ್ಷಕ್ಕೆ ನ್ಯಾಯವಾಗಿ ಬರಬಹುದಾದ ಬಾಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಸಂಗ ಬರುತ್ತದೆ. ಕಟ್ಟಿದ ಪುರಸಭೆಯ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟು ಕಡಿತ ಸಿಗುವುದರಿಂದ ಭಾರ ಸ್ವಲ್ಪ ಇಳಿಯುತ್ತದೆ ನಿಜ. ಆದರೂ ನಾಲ್ಕು ತಿಂಗಳ ಬಾಡಿಗೆ ಮಾತ್ರ ತೋರಿಸಿದರೆ ಸಾಕೆಂದು ತಿಳಿದು ರಿಟರ್ನ್ ತುಂಬುವುದಕ್ಕೆ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಒಳ್ಳೆಯದು. ಬಾಡಿಗೆಯನ್ನು ನಗದಾಗಿ ತೆಗೆದುಕೊಳ್ಳದೆ ಬ್ಯಾಂಕಿಗೇ ಹಾಕಿಸಿಕೊಳ್ಳಬೇಕು. ಮುಂದೆ ತಕರಾರು ಬಂದರೆ ಪಾಸ್‌ಬುಕ್ಕಿನ ಒಂದು ಸಾಲಿಗಿರುವ ಬೆಲೆ ಹತ್ತು ಸಾಕ್ಷಿಗಳಿಗಿಲ್ಲ.

ಮನೆ ಒಪ್ಪಿಸುವ ದಿನ ಕಪಾಟು, ಮಂಚ, ಫ್ರಿಜ್ಜುಗಳಿಂದ ಹಿಡಿದು ಕಿಟಕಿಯ ಗಾಜಿನವರೆಗೆ ಪಟ್ಟಿ ಮಾಡಿ, ಫೋಟೋ ತೆಗೆದು, ಇಬ್ಬರೂ ಸಹಿ ಹಾಕಬೇಕು. ವಿದ್ಯುತ್ ಮೀಟರಿನ ಫೋಟೋ ಮರೆಯಬಾರದು. ತಮ್ಮ ಬಟ್ಟೆಬರೆ, ದೇವರ ಪಟ, ಹಿತ್ತಾಳೆ ಪಾತ್ರೆಗಳನ್ನು ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದನ್ನೂ ಪಟ್ಟಿಯಲ್ಲಿ ನಮೂದಿಸಬೇಕು. ಮಳೆಗಾಲದಲ್ಲಿ ಆ ಮುಚ್ಚಿದ ಕಪಾಟಿಗೇ ಮೊದಲು ಬೂಷ್ಟು ಹಿಡಿಯುವುದರಿಂದ ಹತ್ತಿಬಟ್ಟೆ, ರೇಷ್ಮೆ ಸೀರೆಗಳನ್ನು ಮುಂಬಯಿಗೇ ತರುವುದು ಲೇಸು. ಟೆರೇಸಿನ ಸೋರಿಕೆ, ಕಿಟಕಿಯ ಸಂದುಗಳನ್ನು ಮೇ ತಿಂಗಳೊಳಗೆ ಸರಿಪಡಿಸಿರಬೇಕು. ಅದು ಮಾಲಕರ ಕೆಲಸ, ಬಾಡಿಗೆದಾರನದ್ದಲ್ಲ. ಸೋರುವ ಮನೆ ಕೊಟ್ಟು ಕೊನೆಗೆ ಗೋಡೆಯ ಕಲೆಗೆಂದು ಡಿಪಾಸಿಟ್ ಹಿಡಿದುಕೊಳ್ಳುವವರೂ ನಮ್ಮಲ್ಲಿದ್ದಾರೆ, ಹೇಳಲು ಬೇಸರವಾದರೂ.

ಕೊನೆಯ ದಿನಾಂಕವನ್ನು ಸೆಪ್ಟೆಂಬರ್ 30 ಎಂದು ಇಟ್ಟರೆ ದಸರಾ, ದೀಪಾವಳಿ ರಜೆಗಳಿಗೆ ಮನೆ ಕೈಗೆ ಬರುತ್ತದೆ. ಹದಿನೈದು ದಿನ ಮೊದಲೇ ಪತ್ರ ಬರೆದು ನೆನಪಿಸಿ, ಆ ದಿನ ಮಾಲಕರಲ್ಲಿ ಒಬ್ಬರು ಖುದ್ದಾಗಿ ಹೋಗಬೇಕು. ಪಟ್ಟಿ ಹಿಡಿದು ಕೋಣೆ ಕೋಣೆ ನೋಡಿ, ಮೀಟರ್ ಓದಿ, ಕೊನೆಯ ವಿದ್ಯುತ್ ಬಿಲ್ಲಿನ ಅಂದಾಜು ಮೊತ್ತ ಕಳೆದು, ಉಳಿದ ಡಿಪಾಸಿಟ್ಟಿನ ಚೆಕ್ಕನ್ನು ಅಲ್ಲೇ ಬರೆದುಕೊಟ್ಟು, ಮನೆ ಮರಳಿ ಪಡೆದುದಕ್ಕೆ ರಶೀದಿ ಮಾಡಿಕೊಂಡರೆ ಸಂಜೆಯ ಡೆಕ್ಕನ್ ಕ್ವೀನ್ ಪುಣೆಯ ಕಡೆ ಹೊರಟುಹೋಗುವ ಮೊದಲೇ ಕೆಲಸ ಮುಗಿಯುತ್ತದೆ.