ಹಡಗಿನ ಕೋಣೆಯಲ್ಲಿ ಕರೆಂಟು

ನೀವು ಮನೆಯವರೊಡನೆ ಪ್ರವಾಸಿ ಹಡಗೊಂದನ್ನು ಏರಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಇದೇನೂ ಈಗ ದೂರದ ಮಾತಲ್ಲ. ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಇಂಥ ಯಾನಗಳು ನಡೆದಿವೆ; ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬಂದುಹೋಗುತ್ತವೆ. ಮನೆಮಂದಿ ನಾಲ್ವರಿಗೆ ನಾಲ್ಕು ಮೊಬೈಲ್, ಜೊತೆಗೆ ಒಂದು ಲ್ಯಾಪ್‌ಟಾಪ್, ಒಂದು ಕ್ಯಾಮೆರಾ. ಹಡಗಿನ ಕೋಣೆಯಲ್ಲಿ ಸಾಕೆಟ್ಟುಗಳು ಎರಡೋ ಮೂರೋ ಇರುತ್ತವೆಂದು ಯಾರೋ ಹೇಳಿದ್ದಾರೆ. ಆದ್ದರಿಂದ ನೀವು ಮುಂದಾಲೋಚನೆ ಮಾಡಿ, ಓದುವ ಮೇಜಿನ ಹಿಂದಿದ್ದ ಎಕ್ಸ್‌ಟೆನ್ಶನ್ ಬೋರ್ಡನ್ನು ಪೆಟ್ಟಿಗೆಗೆ ಹಾಕಿಕೊಂಡಿದ್ದೀರಿ. ಕೆಂಪು ದೀಪದ ಸ್ವಿಚ್ಚಿರುವ, ‘ಸ್ಪೈಕ್ ಗಾರ್ಡ್’ ಎಂದು ಅಂಗಡಿಯವರು ಮಾರುವ ಬೋರ್ಡು ಅದು.

ಬಂದರಿನಲ್ಲಿ ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದೊಳಗೆ ಹಾಯಿಸುತ್ತಾರೆ. ಬೋರ್ಡು ಕಾಣುತ್ತಲೇ ಅದನ್ನು ಹೊರತೆಗೆದು, ಕೋಣೆಯ ಸಂಖ್ಯೆ ಬರೆದ ಚೀಟಿ ಅಂಟಿಸಿ, ‘ಇಳಿಯುವಾಗ ತೆಗೆದುಕೊಳ್ಳಿ’ ಎಂದುಬಿಡುತ್ತಾರೆ. ಮನೆಯಲ್ಲಿ ಕಂಪ್ಯೂಟರನ್ನು ಕಾಪಾಡಲೆಂದೇ ಕೊಂಡ ಸಾಧನ ಹಡಗಿನಲ್ಲಿ ಅಪಾಯದ ವಸ್ತುವಾಗುವುದು ಹೇಗೆ? ಇದು ಹಡಗಿನವರ ಜಿಪುಣತನವೆಂದು ಅನೇಕ ಪ್ರಯಾಣಿಕರು ಭಾವಿಸುತ್ತಾರೆ. ನಿಜವಾದ ಕಾರಣ ನೀವು ಭೌತಶಾಸ್ತ್ರದಲ್ಲಿ ಓದಿದ ಪಾಠದಲ್ಲೇ ಇದೆ.

ಮೊದಲು ಒಂದು ಸಂಗತಿ. ನಡುಗಡಲಿನಲ್ಲಿರುವ ಹಡಗಿಗೆ ಯಾವ ಕಂಬದಿಂದಲೂ ತಂತಿ ಬರುವುದಿಲ್ಲ. ಬೇಕಾದ ವಿದ್ಯುಚ್ಛಕ್ತಿಯನ್ನೆಲ್ಲ ಅದೇ ಉತ್ಪಾದಿಸಿಕೊಳ್ಳಬೇಕು. 2004ರಲ್ಲಿ ಸೇವೆಗೆ ಬಂದ ‘ಕ್ವೀನ್ ಮೇರಿ 2’ ಹಡಗಿನಲ್ಲಿ ನಾಲ್ಕು ಡೀಸೆಲ್ ಎಂಜಿನುಗಳೂ ಎರಡು ಅನಿಲ ಟರ್ಬೈನುಗಳೂ ಇವೆ. ಎಲ್ಲ ಸೇರಿದರೆ ಸಾಮರ್ಥ್ಯ ಸುಮಾರು 117 ಮೆಗಾವ್ಯಾಟ್. ಹೋಲಿಕೆಗೆ ನಮ್ಮ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವನ್ನು ತೆಗೆದುಕೊಳ್ಳಿ. ಅದರ ಸ್ಥಾಪಿತ ಸಾಮರ್ಥ್ಯ 42 ಮೆಗಾವ್ಯಾಟ್. ಈ ಹಡಗಿನ ವಿದ್ಯುತ್ತಿನ ಬಹುಭಾಗ ಅದನ್ನು ಮುಂದೂಡುವ ಮೋಟಾರುಗಳಿಗೇ ಹೋಗುತ್ತದೆ. ಉಳಿದದ್ದರಲ್ಲಿ ಅಡಿಗೆಮನೆ, ಹವಾನಿಯಂತ್ರಣ, ಕುಡಿಯುವ ನೀರು, ದೀಪ ಎಲ್ಲವೂ ನಡೆಯಬೇಕು. ಹಾಗಾಗಿ ನಿಮ್ಮ ಮೊಬೈಲ್ ಹೀರುವ ಹತ್ತಿಪ್ಪತ್ತು ವ್ಯಾಟ್ ಹಡಗಿಗೆ ಲೆಕ್ಕಕ್ಕೇ ಇಲ್ಲ. ತಂಟೆ ಇರುವುದು ವಿದ್ಯುತ್ತಿನ ಪ್ರಮಾಣದಲ್ಲಲ್ಲ, ತಂತಿಗಳನ್ನು ಜೋಡಿಸಿರುವ ರೀತಿಯಲ್ಲಿ.

ಹಡಗಿನ ಕೋಣೆಗೂ ವಿದ್ಯುತ್ತಿಗೂ ಹಳೆಯ ನಂಟು. ಎಡಿಸನ್ನನ ಬಲ್ಬುಗಳು ಅವನ ಪ್ರಯೋಗಶಾಲೆಯ ಆವರಣದಿಂದಾಚೆಗೆ ಮೊದಲು ಬೆಳಗಿದ್ದು ಯಾವುದೋ ಬೀದಿಯಲ್ಲಲ್ಲ, 1880ರಲ್ಲಿ ‘ಕೊಲಂಬಿಯಾ’ ಎಂಬ ಹಡಗಿನಲ್ಲಿ. ಅಲ್ಲಿ ಕೋಣೆಯ ದೀಪದ ಸ್ವಿಚ್ಚು ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು. ದೀಪ ಹಚ್ಚಲು, ಆರಿಸಲು ಪ್ರಯಾಣಿಕನು ಹಡಗಿನ ಸೇವಕನನ್ನೇ ಕರೆಯಬೇಕಿತ್ತು!

ಈಗ ಗೋಡೆಯ ಸಾಕೆಟ್ಟನ್ನು ನೋಡೋಣ. ಅನೇಕ ಹಡಗುಗಳ ಕೋಣೆಗಳಲ್ಲಿ ಎರಡು ಬಗೆಯ ಸಾಕೆಟ್ಟುಗಳಿರುತ್ತವೆ: ಚಪ್ಪಟೆ ಕಡ್ಡಿಗಳಿಗೆ ಅಮೆರಿಕದ ಮಾದರಿಯ 110 ವೋಲ್ಟಿನದು, ದುಂಡು ಕಡ್ಡಿಗಳಿಗೆ ಯುರೋಪಿನ ಮಾದರಿಯ 220 ವೋಲ್ಟಿನದು. ನಮ್ಮ ಮೊಬೈಲ್ ಚಾರ್ಜರಿನ ತೆಳು ಎರಡು ಕಡ್ಡಿಗಳು ಸಾಮಾನ್ಯವಾಗಿ ಯುರೋಪಿನ ಸಾಕೆಟ್ಟಿಗೆ ಹೋಗುತ್ತವೆ. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ಗು ಹೋಗುವುದಿಲ್ಲ. ಅದಕ್ಕೆ ಅಡಾಪ್ಟರ್ ಬೇಕು. ಒಂದನ್ನು ಮರೆಯಬೇಡಿ: ಪ್ರಯಾಣಿಕರು ಕೊಳ್ಳುವ ಸಾದಾ ಅಡಾಪ್ಟರು ಕಡ್ಡಿಯ ಆಕಾರವನ್ನು ಬದಲಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ.

ಹಾಗಾದರೆ ಯಾವ ಉಪಕರಣವನ್ನು ಎಲ್ಲಿ ಹಾಕಬಹುದು? ಅದರ ಮೈಮೇಲಿನ ಸಣ್ಣಕ್ಷರಗಳನ್ನು ಓದಿ. ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಎಲ್ಲಿ ಹಾಕಿದರೂ ನಡೆಯುತ್ತದೆ. ಇಂದಿನ ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಬಹುಮಟ್ಟಿಗೆ ಹೀಗೆಯೇ ಇವೆ. ಕೂದಲು ಒಣಗಿಸುವ ಯಂತ್ರದಂಥ ಕಾಯಿಸುವ ಉಪಕರಣಗಳ ಕಥೆ ಬೇರೆ. ರೋಧ ಬದಲಾಗದಿದ್ದರೆ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆಂದು ನೀವು ಓದಿದ್ದೀರಿ. 220 ವೋಲ್ಟಿಗೆ ಮಾಡಿದ 1,200 ವ್ಯಾಟಿನ ಯಂತ್ರವನ್ನು 110 ವೋಲ್ಟಿಗೆ ಹಾಕಿದರೆ ಹೆಚ್ಚುಕಡಿಮೆ 300 ವ್ಯಾಟಿನ ಉಗುರುಬೆಚ್ಚನೆಯ ಗಾಳಿ ಬರುತ್ತದೆ. 110 ವೋಲ್ಟಿನದನ್ನು 220ಕ್ಕೆ ಹಾಕಿದರೆ ಶಕ್ತಿ ನಾಲ್ಕು ಪಟ್ಟು ಏರಿ ಅದು ಸುಟ್ಟೇ ಹೋಗುತ್ತದೆ. ಇನ್ನು, ಹಡಗುಗಳಲ್ಲಿ ವಿದ್ಯುತ್ತು ಸಾಮಾನ್ಯವಾಗಿ 60 ಹರ್ಟ್ಸ್. ನಮ್ಮ ಮನೆಗಳದು 50. ವಿದ್ಯುತ್ತಿನ ಆವೃತ್ತಿಯನ್ನೇ ನಂಬಿ ತಿರುಗುವ ಹಳೆಯ ಮಾದರಿಯ ಗಡಿಯಾರವನ್ನು ಅಲ್ಲಿ ಹಾಕಿದರೆ ಒಂದು ಗಂಟೆಯಲ್ಲಿ 72 ನಿಮಿಷ ತೋರಿಸೀತು.

ಈಗ ಬೋರ್ಡಿನ ಪ್ರಶ್ನೆಗೆ ಬರೋಣ. ಇದನ್ನು ತುಸು ನಿಧಾನವಾಗಿ ಓದಿ.

ಮನೆಯ ಸಾಕೆಟ್ಟಿಗೆ ಮೂರು ತಂತಿ ಬರುತ್ತವೆ. ಎಲೆಕ್ಟ್ರಿಷಿಯನ್ನರು ಫೇಸ್ ಎನ್ನುವ ಸಜೀವ ತಂತಿ, ನ್ಯೂಟ್ರಲ್ ಎನ್ನುವ ತಟಸ್ಥ ತಂತಿ, ಮತ್ತು ಭೂಸಂಪರ್ಕದ ತಂತಿ. ಈ ಮೂರನೆಯದು ಅಂಗಳದಲ್ಲಿ ಉಪ್ಪು-ಇದ್ದಿಲು ತುಂಬಿದ ಗುಂಡಿಯ ಕೊಳವೆಗೆ ಸೇರುತ್ತದೆ. ಬೇಸಗೆಯಲ್ಲಿ ಮನೆಯ ಹಿರಿಯರು ಆ ಗುಂಡಿಗೆ ನೀರು ಹಾಕುವುದನ್ನು ನೀವು ನೋಡಿರಬಹುದು. ಊರಿನ ಟ್ರಾನ್ಸ್‌ಫಾರ್ಮರಿನ ಬಳಿ ತಟಸ್ಥ ತಂತಿಯನ್ನೂ ನೆಲಕ್ಕೆ ಜೋಡಿಸಿರುತ್ತಾರೆ. ಹೀಗಾಗಿ ತಟಸ್ಥ ತಂತಿಗೂ ನೆಲಕ್ಕೂ ನಡುವೆ ವೋಲ್ಟೇಜು ಬಹುತೇಕ ಸೊನ್ನೆ. ಸ್ವಿಚ್ಚು, ಫ್ಯೂಸು ಎರಡನ್ನೂ ಸಜೀವ ತಂತಿಯಲ್ಲಿ ಮಾತ್ರ ಇಟ್ಟರೆ ಸಾಕಾಗುತ್ತದೆ. ಸಜೀವ ತಂತಿ ಉಪಕರಣದ ಲೋಹದ ಮೈಗೆ ತಾಗಿತೆನ್ನಿ. ಭಾರಿ ಪ್ರವಾಹ ನೆಲಕ್ಕೆ ಹರಿದು ಫ್ಯೂಸು ಹಾರುತ್ತದೆ, ಕರೆಂಟು ಹೋಗುತ್ತದೆ.

ಹಡಗಿಗೆ ನೆಲವೆಲ್ಲಿ? ನೀವು ಥಟ್ಟನೆ ಹೇಳಬಹುದು: ಉಕ್ಕಿನ ಮೈಯೇ ಉಪ್ಪುನೀರಿನಲ್ಲಿ ಮುಳುಗಿದೆಯಲ್ಲ, ಅದಕ್ಕಿಂತ ಒಳ್ಳೆಯ ಭೂಸಂಪರ್ಕ ಬೇಕೆ? ಮಾತು ನಿಜ. ಉಪಕರಣಗಳ ಲೋಹದ ಹೊದಿಕೆಗಳನ್ನು ಹಡಗಿನ ಮೈಗೇ ಜೋಡಿಸಿರುತ್ತಾರೆ. ಆದರೆ ಬಹಳಷ್ಟು ಹಡಗುಗಳಲ್ಲಿ ವಿದ್ಯುತ್ತನ್ನು ಒಯ್ಯುವ ತಂತಿಗಳಲ್ಲಿ ಯಾವುದನ್ನೂ ಹಡಗಿನ ಮೈಗೆ ಜೋಡಿಸುವುದಿಲ್ಲ, ಬೇಕೆಂದೇ ಹಾಗೆ ಬಿಡುತ್ತಾರೆ. ಒಂದು ತಂತಿ ಎಲ್ಲೋ ಸವೆದು ಮೈಗೆ ತಾಗಿದರೂ ಪ್ರವಾಹ ಮರಳಿ ಹೋಗಲು ದಾರಿಯಿಲ್ಲ, ಫ್ಯೂಸು ಹಾರುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕಾಣಿಸುತ್ತದೆ. ತಂತ್ರಜ್ಞರು ದೋಷವನ್ನು ಹುಡುಕಿ ಸರಿಪಡಿಸುತ್ತಾರೆ. ಮನೆಯಲ್ಲಿ ಕರೆಂಟು ಹೋದರೆ ಮೋಂಬತ್ತಿ ಹಚ್ಚಬಹುದು. ನಡುಗಡಲಿನಲ್ಲಿ ಚುಕ್ಕಾಣಿಯ ಮೋಟಾರು ನಿಂತರೆ ಏನು ಗತಿ? 2013ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ವಿದ್ಯುತ್ತು ನಿಂತುಹೋಯಿತು. ಕಾರಣ ಅಲ್ಲಿ ಬೇರೆ, ಇಂಧನದ ಸೋರಿಕೆ. ಆದರೆ 4,000ಕ್ಕೂ ಹೆಚ್ಚು ಜನರು ಶೌಚಾಲಯವೂ ನೆಟ್ಟಗಿಲ್ಲದೆ ದಿನಗಟ್ಟಲೆ ತೇಲಿದರು. ಕೊನೆಗೆ ಎಳೆದೋಣಿಗಳು ಹಡಗನ್ನು ಅಮೆರಿಕದ ಮೊಬೈಲ್ ಎಂಬ ಬಂದರಿಗೆ ತಂದವು. ಊರಿನ ಹೆಸರೇ ಹಾಗೆ, ತಮಾಷೆಯಲ್ಲ.

ಈ ಜೋಡಣೆಯಿಂದ ಹಡಗಿಗೆ ಕ್ಷೇಮ, ನಿಮ್ಮ ಬೋರ್ಡಿಗೆ ಆಪತ್ತು. ಬೋರ್ಡಿನೊಳಗೆ ವ್ಯಾರಿಸ್ಟರ್ ಎಂಬ ಪುಟ್ಟ ಬಿಲ್ಲೆಗಳಿರುತ್ತವೆ. ವೋಲ್ಟೇಜು ಮಿತಿಯಲ್ಲಿದ್ದಾಗ ಅವು ಅವಾಹಕದಂತೆ ಸುಮ್ಮನಿರುತ್ತವೆ. ಏಕಾಏಕಿ ಏರಿದಾಗ ವಾಹಕವಾಗಿ, ಹೆಚ್ಚುವರಿಯನ್ನು ಭೂಸಂಪರ್ಕದ ತಂತಿಗೆ ದಾಟಿಸುತ್ತವೆ. ಕ್ಷಣಮಾತ್ರದ ಕೆಲಸ ಅವುಗಳದು. ಹಡಗಿನಲ್ಲಿ ನಿಮ್ಮ ಕೋಣೆಯಿಂದ ಬಹುದೂರದಲ್ಲಿ, ಅದೇ ಮಂಡಲದ ಒಂದು ತಂತಿ ಮೈಗೆ ತಾಗಿದೆ ಎನ್ನಿ. ಆಗ ಇನ್ನೊಂದು ತಂತಿಗೂ ಹಡಗಿನ ಮೈಗೂ ನಡುವೆ ಪೂರ್ಣ ವೋಲ್ಟೇಜು ಬಂದು ನಿಲ್ಲುತ್ತದೆ, ಅದೂ ಕ್ಷಣವಲ್ಲ, ದೋಷ ಸಿಗುವ ತನಕ. ಅದು ಬಿಲ್ಲೆಯ ಮಿತಿಯನ್ನು ಮೀರಿದ್ದರೆ ಬಿಲ್ಲೆ ಬಿಸಿಯಾಗುತ್ತಾ ಹೋಗುತ್ತದೆ. ಬೋರ್ಡಿನ ರಕ್ಷಣಾ ಫ್ಯೂಸು ಇರುವುದು ಒಂದೇ ತಂತಿಯಲ್ಲಿ. ಅದು ಕರಗಿದರೂ, ನೀವು ಸ್ವಿಚ್ಚು ಆರಿಸಿದರೂ, ಮತ್ತೊಂದು ತಂತಿಯಿಂದ ವಿದ್ಯುತ್ತು ಬರುತ್ತಲೇ ಇರುತ್ತದೆ. ಕೆಂಪು ದೀಪ ಆರಿದ ಬೋರ್ಡು ಹಾಸಿಗೆಯ ಕೆಳಗೆ ಹೊಗೆಯಾಡಬಹುದು! ಅಮೆರಿಕದ ಕರಾವಳಿ ರಕ್ಷಣಾ ಪಡೆ 2013ರಲ್ಲಿ ಹಡಗುಗಳಿಗೆ ಹೊರಡಿಸಿದ ಎಚ್ಚರಿಕೆಯಲ್ಲಿ ಹೇಳಿದ್ದು ಇದನ್ನೇ. ಕೆಲವು ಹಡಗುಗಳಲ್ಲಿ ಕೋಣೆಗಳ ಮಂಡಲವನ್ನು ಬೇರ್ಪಡಿಸಿ ಮನೆಯ ರೀತಿಯಲ್ಲೇ ಜೋಡಿಸಿರುವುದೂ ಉಂಟು. ಆದರೆ ನಿಮ್ಮ ಹಡಗು ಯಾವ ಬಗೆಯದೆಂದು ಸಾಕೆಟ್ಟನ್ನು ನೋಡಿ ತಿಳಿಯುವಂತಿಲ್ಲ.

ಬೆಂಕಿಯ ವಿಷಯದಲ್ಲಿ ಇಷ್ಟೊಂದು ಅಂಜಿಕೆ ಏಕೆಂದು ಕೇಳುವಿರಾ? 2006ರ ಮಾರ್ಚ್ 23ರ ನಸುಕಿನಲ್ಲಿ ಕೆರಿಬಿಯನ್ ಕಡಲಿನಲ್ಲಿದ್ದ ‘ಸ್ಟಾರ್ ಪ್ರಿನ್ಸೆಸ್’ ಹಡಗಿನ ಒಂದು ಬಾಲ್ಕನಿಯಲ್ಲಿ ಬೆಂಕಿ ಹುಟ್ಟಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಗಾಳಿಗೆ ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿ ಹತ್ತಾರು ಕೋಣೆಗಳು ಸುಟ್ಟವು, ಪ್ರಯಾಣಿಕರೊಬ್ಬರು ತೀರಿಕೊಂಡರು. ಕಡಲಿನಲ್ಲಿ ಅಗ್ನಿಶಾಮಕ ದಳದ ಗಾಡಿ ಬರುವುದಿಲ್ಲ; ಹಡಗಿನ ಸಿಬ್ಬಂದಿಯೇ ಆರಿಸಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಹೀಟರ್ ಇವುಗಳನ್ನು ಕೋಣೆಗೆ ಒಯ್ಯಲು ಬಿಡದಿರುವುದು ಇದೇ ಕಾರಣಕ್ಕೆ.

ಹಾಗಾದರೆ ನಾಲ್ಕು ಮೊಬೈಲುಗಳಿಗೆ ದಾರಿ? ಒಂದೇ ಸಾಕೆಟ್ಟಿಗೆ ಸಿಕ್ಕಿಸಿ, ನಾಲ್ಕು ಯುಎಸ್‌ಬಿ ತೂತುಗಳಿಂದ ಚಾರ್ಜು ಮಾಡುವ ಚಾರ್ಜರು ಸಿಗುತ್ತದೆ. ಬಾಲದಂಥ ತಂತಿಯಾಗಲಿ ಸ್ಪೈಕ್ ಗಾರ್ಡಾಗಲಿ ಇಲ್ಲದ ಇಂಥದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಯಮ ಹಡಗಿನಿಂದ ಹಡಗಿಗೆ ಬೇರೆಯಾದ್ದರಿಂದ ಟಿಕೆಟ್ಟಿನ ಜೊತೆ ಬರುವ ಪಟ್ಟಿಯನ್ನು ಓದಿಕೊಳ್ಳಿ. ಹೊಸ ಹಡಗುಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಯುಎಸ್‌ಬಿ ತೂತುಗಳಿರುತ್ತವೆ. ಕೆಲವೆಡೆ ಬಾಗಿಲ ಬಳಿಯ ಸೀಳಿನಲ್ಲಿ ಕೋಣೆಯ ಕಾರ್ಡು ಇಟ್ಟರಷ್ಟೇ ದೀಪ ಹತ್ತುತ್ತದೆ. ಕಾರ್ಡು ತೆಗೆದರೆ ಸಾಕೆಟ್ಟಿನ ಕರೆಂಟೂ ಹೋಗಬಹುದು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೊಬೈಲ್ ತುಂಬಿರುತ್ತದೆಂದು ನೆಚ್ಚಬೇಡಿ. ಸ್ನಾನದ ಮನೆಯಲ್ಲಿ ‘ಶೇವರಿಗೆ ಮಾತ್ರ’ ಎಂದು ಬರೆದ ಸಾಕೆಟ್ಟಿನ ಹಿಂದೆ ಕೆಲವೇ ಹತ್ತು ವ್ಯಾಟ್ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದಕ್ಕೆ ಬೇರೆ ಏನನ್ನೂ ಹಾಕಬೇಡಿ.

ಕಡಲಿನ ನಡುವೆ ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಇಲ್ಲದ ಗೋಪುರವನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ಹಡಗಿನದೇ ಉಪಗ್ರಹ ಜಾಲ ಸಿಕ್ಕಿಬಿಟ್ಟರೆ ಬಿಲ್ಲು ನೋಡಿ ಅಪ್ಪನವರು ಬೆಚ್ಚಿಬೀಳುತ್ತಾರೆ. ಪವರ್ ಬ್ಯಾಂಕನ್ನು ದಿಂಬಿನ ಕೆಳಗಿಟ್ಟು ಚಾರ್ಜು ಮಾಡಬೇಡಿ. ಲಿಥಿಯಂ ಬ್ಯಾಟರಿಯ ಶಾಖ ಹೊರಹೋಗಲು ಗಾಳಿ ಬೇಕು. ಅಜ್ಜನಿಗೆ ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಯಂತ್ರ ಬೇಕಿದ್ದು ಹಾಸಿಗೆಯಿಂದ ಸಾಕೆಟ್ಟು ದೂರವಿದ್ದರೆ, ಹೊರಡುವ ಮೊದಲೇ ಹಡಗಿನವರಿಗೆ ತಿಳಿಸಿ. ಹಡಗಿಗೆ ಹೊಂದುವ ಎಕ್ಸ್‌ಟೆನ್ಶನ್ ತಂತಿಯನ್ನು ಅವರೇ ಒದಗಿಸುವ ವಾಡಿಕೆ ಇದೆ.

ಯಾನ ಮುಗಿದು ಇಳಿಯುವಾಗ ಚೀಟಿ ತೋರಿಸಿ ನಿಮ್ಮ ಬೋರ್ಡನ್ನು ಕೇಳಿ ಪಡೆಯಿರಿ. ಮನೆಗೆ ಬಂದು ಓದುವ ಮೇಜಿನ ಹಿಂದೆ ಸಿಕ್ಕಿಸಿದರೆ ಅದು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಬೇಸಗೆಯಾದರೆ, ಅಂಗಳದ ಗುಂಡಿಗೆ ಒಂದು ಬಕೆಟ್ ನೀರು ಹಾಕಿ.