ಗಣಕಯಂತ್ರದ ಗತಿವರ್ಧನೆಯೂ ಪಾಠಶುದ್ಧಿಯೂ

ಗಣಕಯಂತ್ರದ ಪ್ರೊಸೆಸರನ್ನೂ ಮೆಮೊರಿಯನ್ನೂ ನಿರ್ಮಾಪಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಯಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಇದನ್ನು ಗತಿವರ್ಧನೆಯೆಂದು ಕರೆಯೋಣ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮೊದಲಾದ ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ಆಟಕ್ಕಾಗಿಯೋ ಚಲಚ್ಚಿತ್ರ ಸಂಕಲನಕ್ಕಾಗಿಯೋ ಕೊಂಡ ಬೆಲೆಬಾಳುವ ಗಣಕದಲ್ಲಿಯೇ ಹಳೆಯ ಗ್ರಂಥಗಳ ಛಾಯಾಪ್ರತಿಗಳನ್ನು ಅಕ್ಷರರೂಪಕ್ಕೆ ತರುವ ಕೆಲಸವೂ ನಡೆಯಬಹುದು. ಆದುದರಿಂದ ಈ ವಿಷಯದ ತತ್ತ್ವವನ್ನು ಗ್ರಂಥಸಂಪಾದಕರೂ ಅರಿತಿರುವುದು ಯುಕ್ತ.

ಪ್ರೊಸೆಸರಿನ ಕೆಲಸವೆಲ್ಲ ಕ್ಲಾಕ್ ಎಂಬ ವಿದ್ಯುತ್‌ಸ್ಪಂದನದ ತಾಳಕ್ಕೆ ಅನುಸಾರವಾಗಿ ನಡೆಯುತ್ತದೆ. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ೧೦ ಕೋಟಿ ಸ್ಪಂದನಗಳ, ಎಂದರೆ ೧೦೦ ಮೆಗಾಹರ್ಟ್ಸಿನ, ಮೂಲಗತಿಯೊಂದಿದ್ದು ಅದನ್ನು ಒಂದು ಗುಣಕದಿಂದ ಹೆಚ್ಚಿಸುವರು. ಗುಣಕವು ೫೫ ಆದರೆ ಗತಿಯು ೫.೫ ಗಿಗಾಹರ್ಟ್ಸು. ಒಂದು ತಾಳಕ್ಕೂ ಮುಂದಿನ ತಾಳಕ್ಕೂ ನಡುವೆ ಟ್ರಾನ್ಸಿಸ್ಟರುಗಳು ತಮ್ಮ ಕೆಲಸವನ್ನು ಮುಗಿಸಿರಬೇಕು. ಗುಣಕವನ್ನು ಏರಿಸಿದಷ್ಟೂ ಈ ಅವಕಾಶವು ಕಿರಿದಾಗುವುದು. ಕೆಲಸ ಮುಗಿಯುವ ಮೊದಲೇ ತಾಳ ಬಿದ್ದರೆ ಅರ್ಧಸಿದ್ಧವಾದ ಉತ್ತರವೇ ಸಿದ್ಧಾಂತವೆಂದು ಮುಂದಕ್ಕೆ ಹೋಗುವುದು.

ಇದಕ್ಕೆ ಪರಿಹಾರವಾಗಿ ವೋಲ್ಟೇಜನ್ನು ಏರಿಸುವರು. ಅದರಿಂದ ಟ್ರಾನ್ಸಿಸ್ಟರುಗಳಿಗೆ ತ್ವರೆ ಬರುವುದು. ಆದರೆ ವ್ಯಯವಾಗುವ ಶಕ್ತಿಯು ಗತಿಯ ಪ್ರಮಾಣದಲ್ಲಿ ಬೆಳೆಯುವುದಲ್ಲದೆ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಬೆಳೆಯುತ್ತದೆ. ಎರಡನ್ನೂ ನೂರಕ್ಕೆ ಹತ್ತರಂತೆ ಏರಿಸಿದಲ್ಲಿ ಶಕ್ತಿವ್ಯಯವು ೧೦೦ರಿಂದ ೧೩೩ಕ್ಕೆ ಏರುವುದು. ದೊರೆಯುವ ವೇಗ ಹತ್ತು ಪಾಲು, ತೆರುವ ಶಾಖ ಮೂವತ್ತಮೂರು ಪಾಲು. ೨೦೨೩ರಲ್ಲಿ ಹೊರಬಂದ ಇಂಟೆಲ್ ಕೋರ್ ಐ೯-೧೪೯೦೦ಕೆ ಎಂಬ ಪ್ರೊಸೆಸರು ಕಾರ್ಖಾನೆಯ ನಿಯಮದಂತೆಯೇ ೬ ಗಿಗಾಹರ್ಟ್ಸಿನವರೆಗೆ ಏರಬಲ್ಲುದು. ಅದರ ಶಕ್ತಿವ್ಯಯದ ಮೇಲ್ಮಿತಿ ೨೫೩ ವಾಟು. ಇಂತಹ ಪ್ರೊಸೆಸರಿನಲ್ಲಿ ಗತಿವರ್ಧನೆಗೆ ಉಳಿದಿರುವ ಅವಕಾಶ ಅಲ್ಪ. ಈ ವರ್ಗದ ಕೆಲವು ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಕ್ಷಯಿಸಿ ತಪ್ಪಿ ನಡೆಯುವುವೆಂಬುದನ್ನು ೨೦೨೪ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡು ತಿದ್ದುಪಡಿಗಳನ್ನು ಹೊರಡಿಸಿತು.

ಇನ್ನು ಮೆಮೊರಿಯ ವಿಚಾರ. ಇಲ್ಲಿ ವೇಗವನ್ನು ನಿರ್ಣಯಿಸುವ ಸಂಖ್ಯೆಗಳು ಎರಡು. ಛಂದಸ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ಮಾತ್ರೆಯ ಕಾಲ ಎಷ್ಟೆಂಬುದು ಒಂದು. ಕೇಳಿದ ಮಾಹಿತಿ ಬರುವವರೆಗೆ ಎಷ್ಟು ಮಾತ್ರೆ ಕಾಯಬೇಕೆಂಬುದು ಇನ್ನೊಂದು. ಡಿಡಿಆರ್೪-೩೨೦೦ ಎಂಬ ಮೆಮೊರಿಯಲ್ಲಿ ಮಾತ್ರೆಯೊಂದಕ್ಕೆ ೦.೬೨೫ ನ್ಯಾನೊಸೆಕೆಂಡು; ೧೬ ಮಾತ್ರೆ ಕಾಯುವುದಾದರೆ ವಿಳಂಬವು ೧೦ ನ್ಯಾನೊಸೆಕೆಂಡು. ಡಿಡಿಆರ್೫-೬೦೦೦ದಲ್ಲಿ ಮಾತ್ರೆಯು ೦.೩೩೩ಕ್ಕೆ ಇಳಿದರೂ ೩೦ ಮಾತ್ರೆ ಕಾಯಬೇಕಾಗಿರುವಲ್ಲಿ ವಿಳಂಬ ಅದೇ ೧೦. ಹೊಸದರಲ್ಲಿ ಒಮ್ಮೆಗೆ ಹರಿದುಬರುವ ಮಾಹಿತಿಯ ಪ್ರಮಾಣ ಹೆಚ್ಚೆಂಬುದು ನಿಜ. ಆದರೆ ಮೊದಲ ಅಕ್ಷರ ಬೇಗ ಬಂದಂತಾಗಲಿಲ್ಲ. ಹೊದಿಕೆಯ ಮೇಲಿನ ದೊಡ್ಡ ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳುವವರು ಈ ಎರಡನೆಯ ಸಂಖ್ಯೆಯನ್ನೂ ವಿಚಾರಿಸತಕ್ಕದ್ದು.

ಶಾಖದ ಪ್ರಶ್ನೆಯಲ್ಲಿ ಊರಿನ ಹವೆಯೂ ಗಣ್ಯವಾದುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಒಂದೇ ಉಷ್ಣತೆಯಲ್ಲಿ ಹೋಲಿಸಿದರೆ ಇಲ್ಲಿಯ ಗಾಳಿಯ ಸಾಂದ್ರತೆ ಕಡಲತೀರದ ಗಾಳಿಗಿಂತ ನೂರಕ್ಕೆ ಸುಮಾರು ಹತ್ತು ಪಾಲು ಕಡಮೆ. ಆದುದರಿಂದ ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಸಾಗಿಸುವ ಶಾಖ ಸ್ವಲ್ಪ ಕಡಮೆಯೇ. ಜನವರಿಯ ರಾತ್ರಿಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಹದಿನೆಂಟು ಇಪ್ಪತ್ತು ಡಿಗ್ರಿಗಳ ಅಂತರವುಂಟು. ೨೦೧೬ರ ಏಪ್ರಿಲಿನಲ್ಲಿ ನಗರದ ಉಷ್ಣತೆ ೩೯.೨ ಡಿಗ್ರಿಗೆ ಏರಿತ್ತು. ಕೋಣೆ ಎಷ್ಟು ಕಾಯುವುದೋ ಯಂತ್ರದ ಒಳಗೂ ಹೆಚ್ಚುಕಡಮೆ ಅಷ್ಟೇ ಕಾಯುವುದು. ಪ್ರೊಸೆಸರಾದರೋ ಅತಿಶಾಖವಾದಾಗ ತಾನೇ ಗತಿಯನ್ನು ತಗ್ಗಿಸಿಕೊಳ್ಳುತ್ತದೆ. ಮೆಮೊರಿಯಲ್ಲಿ ಪ್ರತಿಯೊಂದು ಬಿಟ್ಟೂ ಸೂಕ್ಷ್ಮವಾದೊಂದು ವಿದ್ಯುದಂಶವಾಗಿ ನಿಂತಿದ್ದು, ಕಾವೇರಿದಷ್ಟೂ ಬೇಗನೆ ಸೋರಿಹೋಗುತ್ತದೆ. ಆದುದರಿಂದ ಜನವರಿಯಲ್ಲಿ ನಿರ್ದುಷ್ಟವೆಂದು ತೋರಿದ ಗತಿವರ್ಧನೆ ಏಪ್ರಿಲಿನಲ್ಲಿ ದುಷ್ಟವಾಗಬಹುದು.

ಹೀಗೆ ಒಂದು ಬಿಟ್ಟು ತಪ್ಪಿದರೆ ಆಗುವುದೇನು? ಯಂತ್ರವು ಕೂಡಲೆ ನಿಂತುಹೋದರೆ ಅದು ಸುದೈವವೆನ್ನಬೇಕು, ತಪ್ಪು ತಿಳಿಯಿತು. ಯಂತ್ರ ನಿಲ್ಲದಿದ್ದರೆ ಅಪಾಯ ಹೆಚ್ಚು. ಯೂನಿಕೋಡಿನಲ್ಲಿ ದಕಾರದ ಸಂಖ್ಯೆ ೩೨೩೮, ಧಕಾರದ ಸಂಖ್ಯೆ ೩೨೩೯. ಇವೆರಡಕ್ಕೂ ಇರುವ ಭೇದ ಒಂದೇ ಬಿಟ್ಟು. ಅದು ಹೊರಳಿದರೆ ‘ದನ’ವು ‘ಧನ’ವಾಗುವುದು. ಲಕಾರ ಳಕಾರಗಳ ಸಂಖ್ಯೆಗಳು ೩೨೫೦, ೩೨೫೧. ಅಲ್ಲಿಯೂ ಒಂದೇ ಬಿಟ್ಟಿನಿಂದ ‘ಬಲೆ’ಯು ‘ಬಳೆ’ಯಾಗುವುದು. ಕಕಾರ ಗಕಾರಗಳಿಗೂ ಭೇದ ಒಂದೇ ಬಿಟ್ಟು, ‘ಕಾಳಿ’ಯು ‘ಗಾಳಿ’ಯಾದೀತು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳಂತೆಯೇ ಇವೂ ಸಾರ್ಥಕವಾದ ಶಬ್ದಗಳಾಗಿಯೇ ಕಾಣುವುದರಿಂದ ಕಾಗುಣಿತ ಪರೀಕ್ಷೆಯು ಇವನ್ನು ಹಿಡಿಯಲಾರದು. ಮುಂದಿನ ಸಂಶೋಧಕನು ಇದನ್ನು ಪಾಠಾಂತರವೆಂದೇ ಭ್ರಮಿಸಬಹುದು.

ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕದ ಸಾಮರ್ಥ್ಯ ೩.೩ ಪೆಟಾಫ್ಲಾಪು. ಅಂತಹ ಯಂತ್ರಗಳಲ್ಲಿ ವೇಗವು ಬಹು ಪ್ರೊಸೆಸರುಗಳ ಸಹಕಾರದಿಂದ ಬರುವುದೇ ಹೊರತು ಒಂದೊಂದನ್ನೂ ಮಿತಿಮೀರಿ ಓಡಿಸುವುದರಿಂದಲ್ಲ. ಸರ್ವರುಗಳಲ್ಲಿ ಬಳಸುವ ಇಸಿಸಿ ಎಂಬ ಮೆಮೊರಿಯು ಹೆಚ್ಚಿನ ಬಿಟ್ಟುಗಳ ಸಹಾಯದಿಂದ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದುತ್ತದೆ. ಮನೆಯ ಗಣಕಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಡಿಡಿಆರ್೫ರ ಚಿಪ್ಪಿನೊಳಗೆ ಇಂತಹುದೊಂದು ಏರ್ಪಾಡಿದ್ದರೂ, ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ಹಾದಿಯಲ್ಲಿ ಆಗುವ ತಪ್ಪಿಗೆ ಅದು ರಕ್ಷೆಯಲ್ಲ.

ಮೇಲಿನ ವಿಚಾರದಿಂದ ಫಲಿಸುವ ನಿಯಮಗಳು ಮೂರು. ಮೊದಲನೆಯದು, ಮೆಮೊರಿಯ ಗತಿಯನ್ನು ಏರಿಸಿದವರು ಮೆಮ್‌ಟೆಸ್ಟ್೮೬ದಂತಹ ಪರೀಕ್ಷೆಯನ್ನು ಹಲವು ಗಂಟೆಗಳ ಕಾಲ, ವರ್ಷದ ಅತ್ಯಂತ ಬಿಸಿಲಿನ ದಿನಗಳಲ್ಲಿಯೂ ನಡೆಯಿಸಬೇಕು. ಒಂದೇ ತಪ್ಪು ಕಂಡರೂ ಗತಿಯನ್ನು ಇಳಿಸಬೇಕು. ಎರಡನೆಯದು, ಪ್ರೊಸೆಸರನ್ನು ಬೇರೆಯಾಗಿ ಪೂರ್ಣಭಾರದಲ್ಲಿ ಪರೀಕ್ಷಿಸಬೇಕು. ಮೂರನೆಯದು, ಗ್ರಂಥಪಾಠವನ್ನು ಸಿದ್ಧಪಡಿಸುವ ದಿನಗಳಲ್ಲಿ ಯಂತ್ರವನ್ನು ನಿರ್ಮಾಪಕರ ಗತಿಗೆ ಮರಳಿಸಿ, ಸಿದ್ಧವಾದ ಪಾಠವನ್ನು ಮೂಲದೊಡನೆ ಮನುಷ್ಯರ ಕಣ್ಣಿನಿಂದಲೇ ಹೋಲಿಸಬೇಕು. ಆಟದ ಚಿತ್ರದಲ್ಲಿ ಒಂದು ಚುಕ್ಕೆ ಬಣ್ಣಗೆಟ್ಟರೆ ಕ್ಷಣದಲ್ಲಿ ಅಳಿದುಹೋಗುವುದು. ಪಾಠದಲ್ಲಿ ಸೇರಿದ ಅಪಾಠವು ಪ್ರತಿಯಿಂದ ಪ್ರತಿಗೆ ಉಳಿದು ಬರುವುದು.