ಯುದ್ಧಸ್ಮರಣೆ ಮತ್ತು ಮಾಧ್ಯಮ

ಯುದ್ಧದಲ್ಲಿ ಮಡಿದವರಲ್ಲಿ ಯಾರನ್ನು ಸಮಾಜವು ನೆನೆಯುತ್ತದೆ ಎಂಬುದನ್ನು, ಆ ನೆನಪನ್ನು ಹೊತ್ತ ಮಾಧ್ಯಮವೂ ನಿರ್ಧರಿಸುತ್ತದೆ. ಕರ್ನಾಟಕದ ವೀರಗಲ್ಲುಗಳು ಇದಕ್ಕೊಂದು ಹಳೆಯ ನಿದರ್ಶನ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ: ಈ ವಿನ್ಯಾಸವು ದೊರೆಗಳ ಸಮರದಲ್ಲಿ ಬಿದ್ದವನಿಗೂ ಊರ ತುರುಗಳನ್ನು ಕಾಯುತ್ತ ಸತ್ತವನಿಗೂ ಸಮಾನವಾಗಿ ಸಂದಿದೆ.

ದೃಶ್ಯಮಾಧ್ಯಮದ ಸ್ಮರಣೆಯಲ್ಲಿ ಈ ಸಮಾನತೆ ಕಾಣದು. 1999ರ ಕಾರ್ಗಿಲ್ ಯುದ್ಧವನ್ನು ಖಾಸಗಿ ಸುದ್ದಿವಾಹಿನಿಗಳು ಮನೆಮನೆಗೆ ತಲುಪಿಸಿದವು. ಯೋಧರ ಪಾರ್ಥಿವ ಶರೀರಗಳು ಊರಿಗೆ ಮರಳಿದ ದೃಶ್ಯಗಳನ್ನು ದೇಶವೇ ಕಂಡಿತು. ಜುಲೈ 26 ವಿಜಯ ದಿವಸವಾಗಿ ನೆಲೆಗೊಂಡಿತು. ಇದಕ್ಕೂ ಮುನ್ನ, 1987–90ರ ಅವಧಿಯಲ್ಲಿ, ಶ್ರೀಲಂಕಾಕ್ಕೆ ತೆರಳಿದ್ದ ಭಾರತೀಯ ಶಾಂತಿಪಾಲನಾ ಪಡೆಯು ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ಆಗ ಖಾಸಗಿ ವಾಹಿನಿಗಳಿರಲಿಲ್ಲ; ದೂರದರ್ಶನವು ಸರ್ಕಾರದ ಅಧೀನದಲ್ಲಿತ್ತು. ಗೆಲುವಿನ ಕಥನವಾಗಿ ಹೇಳಲು ಬಾರದ ಆ ಕಾರ್ಯಾಚರಣೆಗೆ ಕಾರ್ಗಿಲ್‌ನಷ್ಟು ವ್ಯಾಪಕವಾದ ಸ್ಮರಣೆ ದೊರೆಯಲಿಲ್ಲ.

2019ರಲ್ಲಿ ಉದ್ಘಾಟನೆಗೊಂಡ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಶಿಲಾಫಲಕಗಳಲ್ಲಿ ಈ ಎರಡೂ ಕಡೆ ಮಡಿದವರ ಹೆಸರುಗಳಿವೆ. ಆದರೆ ಫಲಕವು ಹೆಸರನ್ನು ಉಳಿಸಬಲ್ಲುದೇ ಹೊರತು ಬದುಕಿನ ಕಥನವನ್ನಲ್ಲ. ಆದುದರಿಂದ ಯುದ್ಧಸ್ಮರಣೆಯ ಅಧ್ಯಯನವು ಬಿತ್ತರಗೊಂಡ ದೃಶ್ಯಗಳಿಗೆ ಸೀಮಿತವಾಗದೆ, ಕ್ಯಾಮೆರಾ ತಲುಪದ ಮನೆಗಳಲ್ಲಿ ಉಳಿದಿರುವ ಮೌಖಿಕ ನೆನಪುಗಳನ್ನೂ, ಅವನ್ನು ಹೇಳಬಲ್ಲವರು ಇರುವಾಗಲೇ, ದಾಖಲಿಸಬೇಕಾಗಿದೆ.